ಕಟ್ಟೆ ವೈರಸ್ ಏಲಕ್ಕಿ ಗಿಡದ ಜೀವಕೋಶದೊಳಗೆ ಯಾರನ್ನ ಹಿಡ್ಕೊಳ್ಳುತ್ತೆ?

ಮಡಿಕೇರಿ, ಭಾಗಮಂಡಲ, ಸೋಮವಾರಪೇಟೆ ಕಡೆ ಏಲಕ್ಕಿ ತೋಟ ಇಟ್ಕೊಂಡಿರೋರ ವಾಟ್ಸಾಪ್ ಗ್ರೂಪುಗಳಲ್ಲಿ ಪದೇ ಪದೇ ಒಂದೇ ಥರದ ಫೋಟೋ ಬರುತ್ತೆ, ತಿಳಿಹಸಿರು ಗೀರು ಬಿದ್ದಿರೋ ಎಲೆ, ಕೆಳಗೆ ಒಂದೇ ಪ್ರಶ್ನೆ, "ಕಟ್ಟೆ ಬಂದಂಗಿದೆ, ಏನು ಹೊಡೀಬೇಕು?" ಅಂತ. ಅದಕ್ಕೆ ಉತ್ತರಾನೂ ತರಹೇವಾರಿ ಬರುತ್ತೆ, ಒಬ್ರು ಬೋರ್ಡೋ (ಮೈಲುತುತ್ತು-ಸುಣ್ಣದ ದ್ರಾವಣ) ಅಂತಾರೆ, ಇನ್ನೊಬ್ರು ಯಾವುದೋ ಬಾಟಲಿ ಫೋಟೋ ಹಾಕ್ತಾರೆ, ಮತ್ತೊಬ್ರು ಜಿಂಕ್ ಬೋರಾನ್ ಕೊಡಿ ಸರಿಹೋಗುತ್ತೆ ಅಂತಾರೆ. ಕಟ್ಟೆ ಅಂದ್ರೆ ಏಲಕ್ಕಿ ಎಲೆ ಮೇಲೆ ಪಟ್ಟೆ ಬೀಳಿಸೋ ವೈರಸ್ ರೋಗ. ನಾನು ಹೇಳೋದು ಇಷ್ಟೇ, ಕಟ್ಟೆ ಹಿಡಿದ ಬುಡವನ್ನ (ಏಲಕ್ಕಿ ಗಿಡದ ಗುಂಪನ್ನ) ವಾಸಿ ಮಾಡೋ ಸ್ಪ್ರೇ ಯಾವುದೂ ಇಲ್ಲ, ಯಾಕಿಲ್ಲ ಅನ್ನೋದು ಅರ್ಥ ಆಗ್ಬೇಕಂದ್ರೆ ಆ ವೈರಸ್ಸಿನ ಆರ್‌ಎನ್‌ಎ (ಅದರ ಜೀನುಗಳಿರೋ ಎಳೆ) ಎಲೆಯ ಜೀವಕೋಶದೊಳಗೆ ಹೋದ್ಮೇಲೆ ಯಾರ್ಯಾರನ್ನ ಹಿಡ್ಕೊಂಡು ಕೆಲಸ ಮಾಡಿಸುತ್ತೆ ಅಂತ ನೋಡ್ಬೇಕು. ಜಗತ್ತಿನ ವೈರಸ್ ಲ್ಯಾಬುಗಳಲ್ಲಿ ಕಳೆದ ಹತ್ತಿಪ್ಪತ್ತು ವರ್ಷದಿಂದ ತುಂಬಾ ಜೋರಾಗಿ ನಡೀತಿರೋ ಕೆಲಸಗಳಲ್ಲಿ ಇದೂ ಒಂದು, ನಮ್ಮ ಏಲಕ್ಕಿಗೆ ಅದರಿಂದ ಏನು ಸಿಗಬಹುದು ಅನ್ನೋದನ್ನ ಕನ್ನಡದಲ್ಲಿ ಯಾರೂ ಕೂತು ಬಿಡಿಸಿ ಹೇಳಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ಮೊದಲು ಎಲೆ ನೋಡೋಣ. ಕಟ್ಟೆ ಶುರುವಾಗೋದು ಹಳೇ ಎಲೇಲಿ ಅಲ್ಲ, ಹೊಸದಾಗಿ ಬಿಚ್ಚಿಕೊಳ್ತಿರೋ ಎಳೇ ಎಲೇಲಿ. ಅದನ್ನ ಬೆಳಕಿಗೆ ಹಿಡಿದ್ರೆ ಎರಡರಿಂದ ಐದು ಮಿಲಿಮೀಟರ್ ಉದ್ದದ ಸಣ್ಣ ಸಣ್ಣ ಮಾಸಲು ಚುಕ್ಕೆ ಕಾಣುತ್ತೆ, ಎರಡೂ ತುದಿ ಚೂಪಾಗಿರುತ್ತೆ. ಆಮೇಲೆ ಬರೋ ಎಲೆಗಳಲ್ಲಿ ಅದೇ ಚುಕ್ಕೆ ಒಂದಕ್ಕೊಂದು ಸೇರಿ ನಡುನರದಿಂದ ಅಂಚಿನ ಕಡೆಗೆ ನರಗಳ ಜೊತೆಜೊತೆಗೇ ಓಡೋ ತುಂಡು ತುಂಡು ಪಟ್ಟೆ ಆಗುತ್ತೆ, ಕಾಂಡದ ಮೇಲಿನ ಪೊರೇಲೂ ಮಚ್ಚೆ ಬರುತ್ತೆ. ಆ ಪ್ರತಿ ಮಾಸಲು ಗೀರಿನೊಳಗೆ ಇರೋ ಜೀವಕೋಶಗಳಲ್ಲಿ ಹಸಿರು ಮಾಡೋ ಕೆಲಸಕ್ಕೆ ಬೇಕಿದ್ದ ಸಾಮಾನು ಸರಂಜಾಮು ವೈರಸ್ ಕೆಲಸಕ್ಕೆ ಹೋಗಿದೆ ಅಂತ ಲೆಕ್ಕ.

ಈ ವೈರಸ್ಸಿನ ಹೆಸರು ಕಾರ್ಡಮಮ್ ಮೊಸಾಯಿಕ್ ವೈರಸ್. ಪೋಟಿವಿರಿಡೆ ಅನ್ನೋ ದೊಡ್ಡ ಕುಟುಂಬದ್ದು, ಅದರೊಳಗೆ ಮಕ್ಲೂರಾವೈರಸ್ ಅನ್ನೋ ಸಣ್ಣ ಶಾಖೆ. ಬಳುಕೋ ದಾರದ ಥರ ಇರುತ್ತೆ, ಉದ್ದ ಸುಮಾರು 650 ನ್ಯಾನೋಮೀಟರ್. ಒಳಗೆ ಇರೋದು ಒಂದೇ ಒಂದು ಆರ್‌ಎನ್‌ಎ ಎಳೆ, 8 ಸಾವಿರ ಚಿಲ್ಲರೆ ಅಕ್ಷರಗಳಷ್ಟು ಉದ್ದ. ಆ ಎಂಟು ಸಾವಿರ ಅಕ್ಷರದಲ್ಲಿ ಪ್ರೊಟೀನ್ ಕಟ್ಟೋ ರೈಬೋಸೋಮ್ ಮಾಡೋ ಮಾಹಿತಿ ಇಲ್ಲ, ಶಕ್ತಿ ಉತ್ಪಾದಿಸೋ ವ್ಯವಸ್ಥೆ ಇಲ್ಲ, ಪೊರೆಗೆ ಬೇಕಾದ ಕೊಬ್ಬು ತಯಾರಿಸೋ ದಾರಿ ಇಲ್ಲ. ಅಂದ್ರೆ ತನ್ನದು ಅಂತ ಒಂದು ಹತ್ತು ಪ್ರೊಟೀನ್ ಬಿಟ್ರೆ ಮಿಕ್ಕಿದ್ದೆಲ್ಲಾ ಏಲಕ್ಕಿ ಗಿಡದ್ದೇ. ಹಾಗಾಗಿ ರೋಗ ಅನ್ನೋದನ್ನ "ವೈರಸ್ ಬಂತು" ಅಂತ ನೋಡೋ ಬದ್ಲು "ವೈರಸ್ಸಿನ ಆರ್‌ಎನ್‌ಎಗೂ ಗಿಡದ ಯಾವ ಯಾವ ಭಾಗಕ್ಕೂ ಸಂಬಂಧ ಬೆಳೀತು" ಅಂತ ನೋಡಿದ್ರೆ ಎಷ್ಟೋ ವಿಷಯ ತಿಳಿಯಾಗುತ್ತೆ, ಈ ಲೇಖನದಲ್ಲಿ ನಾನು ಹೇಳೋಕೆ ಹೊರಟಿರೋದೂ ಅದನ್ನೇ.

ಗಿಡದ ರಸ ಹೀರೋ ಹೇನು ಬಂದು ಕೂತು ಎಲೆಗೆ ಸೂಜಿ ಚುಚ್ಚಿ ರಸ ಹೇಗಿದೆ ಅಂತ ರುಚಿ ನೋಡೋ ಆ ಕೆಲವೇ ಕ್ಷಣದಲ್ಲಿ ವೈರಸ್ ಒಳಗೆ ಬಿದ್ದಿರುತ್ತೆ. ಹೇನಿನ ಹೆಸರು ಪೆಂಟಲೋನಿಯಾ ಕ್ಯಾಲಡೈ, ಕೆಸುವಿನ ಗಿಡದಲ್ಲೂ ಇದೇ ಹೇನು ಆರಾಮಾಗಿ ಬದುಕುತ್ತೆ, ಅದಕ್ಕೇ ತೋಟದೊಳಗಿನ ಹಳ್ಳದ ಬದಿ ಕಾಡುಕೆಸು ತೆಗೀರಿ ಅಂತ ಹೇಳೋದು. ಕೀಟನಾಶಕ ಹೊಡೆದ್ರೂ ಕಟ್ಟೆ ನಿಲ್ಲಲ್ಲ ಯಾಕಂದ್ರೆ ವಿಷ ಹೇನಿನ ಮೈಗೇರಿ ಅದು ಸಾಯೋಕೆ ಮುಂಚೇನೇ ಇದು ಮುಗಿದಿರುತ್ತೆ, ಗಂಟೆಗಟ್ಟಲೆ ರಸ ಹೀರ್ಬೇಕು ಅಂತೇನಿಲ್ಲ, ನಿಮಿಷಗಳಲ್ಲಿ ಹತ್ತಿಸಿಕೊಳ್ಳುತ್ತೆ, ನಿಮಿಷಗಳಲ್ಲಿ ಪಕ್ಕದ ಬುಡಕ್ಕೆ ಬಿಡುತ್ತೆ. ಬೀಜದ ಮೂಲಕ ಈ ರೋಗ ಬರಲ್ಲ, ಆದ್ರೆ ಗೆಡ್ಡೆ ಮತ್ತು ಕಂದಿನಿಂದ (ಬುಡದಿಂದ ಒಡೆಯೋ ಮರಿಯಿಂದ) ಖಂಡಿತಾ ಬರುತ್ತೆ.

ಒಳಗೆ ಹೋದ ದಾರದ ಮೇಲಿನ ಪ್ರೊಟೀನ್ ಹೊದಿಕೆ ಬಿಚ್ಚಿಕೊಂಡಾಗ ಆರ್‌ಎನ್‌ಎ ಬೆತ್ತಲಾಗುತ್ತೆ. ಈ ಕ್ಷಣ ವೈರಸ್ಸಿಗೆ ಬಹಳ ಅಪಾಯದ್ದು, ಜೀವಕೋಶದೊಳಗೆ ಬೇಡದ ಆರ್‌ಎನ್‌ಎ ಕತ್ತರಿಸಿ ಹಾಕೋ ಕಿಣ್ವಗಳು ಓಡಾಡ್ತಿರ್ತವೆ, ಯಾರಾದ್ರೂ ಬೇಗ ಹಿಡ್ಕೊಂಡಿಲ್ಲ ಅಂದ್ರೆ ಕಥೆ ಮುಗೀತು. ಗಿಡದ ಸ್ವಂತ ಸಂದೇಶವಾಹಕ ಆರ್‌ಎನ್‌ಎಗಳಿಗೆ ಮುಂದಿನ ತುದೀಲಿ ಒಂದು ರಾಸಾಯನಿಕ ಟೋಪಿ ಇರುತ್ತೆ, ಹಿಂದಿನ ತುದೀಲಿ ಬರೀ ಎ ಅಕ್ಷರಗಳ ಉದ್ದ ಬಾಲ ಇರುತ್ತೆ. ಟೋಪಿಯನ್ನ ಇಐಎಫ್4ಇ ಅನ್ನೋ ಪ್ರೊಟೀನ್ ಹಿಡಿಯುತ್ತೆ, ಅದಕ್ಕೆ ಇಐಎಫ್4ಜಿ ಅನ್ನೋ ದೊಡ್ಡ ಪ್ರೊಟೀನ್ ಅಂಟಿಕೊಳ್ಳುತ್ತೆ, ಅದು ರೈಬೋಸೋಮನ್ನ ಕರ್ಕೊಂಡು ಬರುತ್ತೆ, ಬಾಲವನ್ನ ಪಾಬ್‌ಪಿ ಅನ್ನೋದು ಹಿಡಿದು ಅದೂ ಇಐಎಫ್4ಜಿ ಜೊತೆ ಸೇರುತ್ತೆ, ಹೀಗೆ ಎರಡೂ ತುದಿ ಹತ್ತಿರ ಬಂದು ಪ್ರೊಟೀನ್ ಕಟ್ಟೋ ಕೆಲಸ ಶುರುವಾಗುತ್ತೆ.

ಕಟ್ಟೆ ವೈರಸ್ಸಿನ ಕುಟುಂಬದ ಆರ್‌ಎನ್‌ಎಗೆ ಬಾಲ ಇದೆ, ಟೋಪಿ ಇಲ್ಲ. ಟೋಪಿ ಜಾಗದಲ್ಲಿ ವೈರಸ್ಸೇ ಮಾಡಿದ ವಿಪಿಜಿ ಅನ್ನೋ ಪ್ರೊಟೀನು ಆರ್‌ಎನ್‌ಎಯ ತುದಿಗೆ ಗಟ್ಟಿಯಾಗಿ ಬೆಸೆದುಕೊಂಡಿರುತ್ತೆ, ಆ ವಿಪಿಜಿ ಹೋಗಿ ಹಿಡಿಯೋದು ಅದೇ ಇಐಎಫ್4ಇಯನ್ನ ಇಲ್ಲಾಂದ್ರೆ ಅದರ ಅಣ್ಣತಮ್ಮನಂತಿರೋ ಇಐಎಫ್ ಐಸೋ4ಇಯನ್ನ. ನಮ್ಮೂರ ಮದುವೆ ಮನೇಲಿ ಕುಪ್ಯಚೇಲೆ (ಕೊಡವರ ಉದ್ದಂಗಿ, ನಡುಪಟ್ಟಿ) ತೊಟ್ಟು ಪೀಚೆಕತ್ತಿ ಸಿಕ್ಕಿಸಿಕೊಂಡು ಬಂದವರನ್ನ ಯಾವ ಒಕ್ಕದವರು (ಮನೆತನದವರು) ಅಂತ ಬಾಗಿಲಲ್ಲೇ ನಿಲ್ಲಿಸಿ ಕೇಳದೆ ಕೈಮುಗಿದು ಒಳಗೆ ಕರೀತಾರಲ್ಲ, ಜೀವಕೋಶದ ಒಳಗೂ ಹಾಗೇ ಆಗುತ್ತೆ, ವೇಷ ಸರಿಯಾಗಿದ್ರೆ ರೈಬೋಸೋಮ್ ಬಂದು ಕೂರುತ್ತೆ. 1997ರಲ್ಲಿ ಅರಬಿಡಾಪ್ಸಿಸ್ ಅನ್ನೋ ಲ್ಯಾಬ್ ಗಿಡದಲ್ಲಿ ಟರ್ನಿಪ್ ಮೊಸಾಯಿಕ್ ವೈರಸ್ಸಿನ ವಿಪಿಜಿ ಐಸೋ4ಇ ಜೊತೆ ಅಂಟಿಕೊಳ್ಳುತ್ತೆ ಅಂತ ಮೊದಲು ತೋರಿಸಿದ್ರು. ಬರೀ ಪಾಠಪುಸ್ತಕದ ವಿಷಯ ಅಂತ ಆವತ್ತು ಅನ್ನಿಸಿರಬಹುದು.

ಐದು ವರ್ಷ ಬಿಟ್ಟು 2002ರಲ್ಲಿ ಮೆಣಸಿನಕಾಯಿ ಜಾತಿಗಳ ಮೇಲೆ ಕೆಲಸ ಮಾಡ್ತಿದ್ದ ಫ್ರಾನ್ಸಿನ ತಂಡದವರು ಒಂದು ಹಳೇ ಒಗಟು ಬಿಡಿಸಿದ್ರು. ದೊಣ್ಣೆಮೆಣಸಿನ ಕೆಲವು ತಳಿಗಳಿಗೆ ಪೊಟ್ಯಾಟೊ ವೈರಸ್ ವೈ ಹತ್ತೋದೇ ಇಲ್ಲ ಅಂತ ತಳಿ ಅಭಿವೃದ್ಧಿ ಮಾಡೋರಿಗೆ ದಶಕಗಳಿಂದ ಗೊತ್ತಿತ್ತು, ಆ ಗುಣಕ್ಕೆ ಪಿವಿಆರ್2 ಅಂತ ಹೆಸರೂ ಇಟ್ಟಿದ್ರು, ಆದ್ರೆ ಅದು ಏನು ಮಾಡುತ್ತೆ ಅಂತ ಗೊತ್ತಿರ್ಲಿಲ್ಲ. ಹುಡುಕಿ ನೋಡಿದ್ರೆ ಪಿವಿಆರ್2 ಅಂದ್ರೆ ಇಐಎಫ್4ಇಯ ಜೀನೇ. ಅದರಲ್ಲಿ ಕೆಲವೇ ಅಮೈನೋ ಆಮ್ಲ ಬದಲಾಗಿವೆ, ಅಷ್ಟಕ್ಕೇ ವಿಪಿಜಿಗೆ ಹಿಡಿತ ಸಿಗ್ತಿಲ್ಲ, ಗಿಡ ಮಾತ್ರ ಎಂದಿನಂತೆ ಬೆಳೆದು ಕಾಯಿ ಬಿಡ್ತಿದೆ. ಅಂದ್ರೆ ಆ ಗಿಡಗಳು ವೈರಸ್ಸನ್ನ ಹೊಡೆದು ಓಡಿಸ್ತಿರ್ಲಿಲ್ಲ, ವೈರಸ್ಸಿಗೆ ಬೇಕಾದ ಆಸರೆ ಅಲ್ಲಿ ಸಿಗ್ತಿರ್ಲಿಲ್ಲ ಅಷ್ಟೇ. ಆಮೇಲೆ ಲೆಟ್ಯೂಸ್, ಬಟಾಣಿ, ಬಾರ್ಲಿ ಹೀಗೆ ಒಂದೊಂದಾಗಿ ನೋಡ್ತಾ ಹೋದ್ರೆ ಎಲ್ಲಾ ಕಡೆ ಹಳೇ ರೋಗನಿರೋಧಕ ತಳಿಗಳ ಗುಟ್ಟು ಇದೇ ಪ್ರೊಟೀನಿನ ಸುತ್ತಾನೇ ಇತ್ತು. ನನ್ನ ಮಟ್ಟಿಗೆ ಸಸ್ಯ ವೈರಸ್ ವಿಜ್ಞಾನದಲ್ಲಿ ರೈತರಿಗೆ ಇಷ್ಟು ಹತ್ತಿರ ಬಂದ ಮೂಲ ಸಂಶೋಧನೆ ಮತ್ತೊಂದಿಲ್ಲ.

ಇಲ್ಲೇ ಒಂದು ಎಚ್ಚರ ಹೇಳ್ಬೇಕು. ಇಷ್ಟು ವಿವರವಾಗಿ ಅಧ್ಯಯನ ಆಗಿರೋದು ಟರ್ನಿಪ್ ಮೊಸಾಯಿಕ್, ಟೊಬ್ಯಾಕೊ ಎಚ್ (etch), ಪೊಟ್ಯಾಟೊ ವೈರಸ್ ವೈ ಇಂಥ ವೈರಸ್ಸುಗಳಲ್ಲಿ, ಕಟ್ಟೆ ವೈರಸ್ ಅದೇ ಕುಟುಂಬದ ದಾಯಾದಿ. ಎಲ್ಲಾ ವಿವರವನ್ನೂ ಹಾಗ್ಹಾಗೇ ಏಲಕ್ಕಿಗೆ ಎತ್ತಿ ಹಾಕೋದು ತಪ್ಪಾಗುತ್ತೆ. ಉದಾಹರಣೆಗೆ ಮಕ್ಲೂರಾವೈರಸ್‌ಗಳಲ್ಲಿ ಪಿ1 ಅನ್ನೋ ಪ್ರೊಟೀನೇ ಇಲ್ಲ, ಎಚ್‌ಸಿ-ಪ್ರೊ ಅನ್ನೋದು ಗಿಡ್ಡ. ಆದ್ರೆ ಮುಂದಿನ ತುದೀಲಿ ವಿಪಿಜಿ, ಹಿಂದೆ ಎ ಬಾಲ, ಒಂದೇ ಉದ್ದ ಪ್ರೊಟೀನ್ ಮಾಡಿ ಆಮೇಲೆ ತುಂಡರಿಸಿಕೊಳ್ಳೋ ಪದ್ಧತಿ, ಈ ಚೌಕಟ್ಟು ಒಂದೇ.

ಪ್ರೊಟೀನ್ ಆಯ್ತು, ಈಗ ನಕಲು ಮಾಡ್ಬೇಕು. ಇಲ್ಲಿ ಒಂದು ಬಿಕ್ಕಟ್ಟಿದೆ, ರೈಬೋಸೋಮ್ ಆರ್‌ಎನ್‌ಎಯ ಒಂದು ತುದಿಯಿಂದ ಓದ್ತಾ ಬರುತ್ತೆ, ನಕಲು ಮಾಡೋ ಕಿಣ್ವ ಇನ್ನೊಂದು ತುದಿಯಿಂದ ಶುರುಮಾಡುತ್ತೆ, ಎರಡೂ ಒಂದೇ ಎಳೆ ಮೇಲೆ ಒಟ್ಟಿಗೆ ನಡೆಯೋಕಾಗಲ್ಲ. ಹಾಗಾಗಿ ಆರ್‌ಎನ್‌ಎ ಜಾಗ ಬದಲಾಯಿಸುತ್ತೆ. ವೈರಸ್ಸಿನ 6ಕೆ2 ಅನ್ನೋ ಪುಟ್ಟ ಪ್ರೊಟೀನು ಜೀವಕೋಶದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಅನ್ನೋ ಪೊರೆಯ ಜಾಲವನ್ನ ಬಗ್ಗಿಸಿ ಸಣ್ಣ ಸಣ್ಣ ಚೀಲ ಮಾಡುತ್ತೆ, ಆ ಚೀಲಗಳ ಸುತ್ತ ವೈರಸ್ಸಿನ ನಕಲು ಕಿಣ್ವ, ಗಿಡದ ಹೀಟ್ ಶಾಕ್ ಪ್ರೊಟೀನ್, ಪಾಬ್‌ಪಿ, ಆರ್‌ಎನ್‌ಎ ಗಂಟು ಬಿಡಿಸೋ ಗಿಡದ ಹೆಲಿಕೇಸ್‌ಗಳು ಎಲ್ಲಾ ಬಂದು ಸೇರ್ಕೊಳ್ತವೆ. ಟರ್ನಿಪ್ ಮೊಸಾಯಿಕ್ ವೈರಸ್ಸಿನಲ್ಲಿ ಈ ಚೀಲಗಳಿಗೆ ಹೊಳೆಯೋ ಪ್ರೊಟೀನ್ ಅಂಟಿಸಿ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಜೀವಕೋಶದ ಆಕ್ಟಿನ್ ಎಳೆಗಳ ಮೇಲೆ ಅವು ಜಾರ್ಕೊಂಡು ಹೋಗಿ ಹರಿತ್ತು ತುಂಬಿದ ಕ್ಲೋರೋಪ್ಲಾಸ್ಟಿಗೆ ತಬ್ಬಿಕೊಳ್ಳೋದು ಕಾಣುತ್ತೆ. ಒಂದರ ಪಕ್ಕ ಒಂದು ಕ್ಲೋರೋಪ್ಲಾಸ್ಟು ಗುಂಪಾಗಿ, ನಡುವೆ ವೈರಸ್ ಚೀಲಗಳು. ಎಲೆ ಮಾಸಲಾಗೋದಕ್ಕೆ ಕಾರಣ ಇದೊಂದೇ ಅಂತ ನಾನು ಹೇಳಲ್ಲ, ಆದ್ರೆ ಬೆಳಕಿಗೆ ಹಿಡಿದ ಏಲಕ್ಕಿ ಎಲೆಯ ಆ ಗೀರು ನೋಡುವಾಗ ನಂಗೆ ಈ ಚಿತ್ರಾನೇ ನೆನಪಾಗುತ್ತೆ.

ಗಿಡ ಏನು ಸುಮ್ನೆ ಕೂತಿರಲ್ಲ. ನಕಲು ಆಗೋವಾಗ ಎರಡೆಳೆಯ ಆರ್‌ಎನ್‌ಎ ಹುಟ್ಟುತ್ತೆ, ಗಿಡದ ಸ್ವಂತ ಕೆಲಸದಲ್ಲಿ ಅಷ್ಟುದ್ದದ ಎರಡೆಳೆ ಸಾಮಾನ್ಯವಾಗಿ ಇರಲ್ಲ, ಹಾಗಾಗಿ ಡೈಸರ್ ಅನ್ನೋ ಕಿಣ್ವಗಳು ಅದನ್ನ ಗುರುತು ಹಿಡಿದು 21, 22 ಅಕ್ಷರದ ತುಂಡುಗಳಾಗಿ ಕತ್ತರಿಸುತ್ವೆ. ಆ ತುಂಡುಗಳನ್ನ ಆರ್ಗೊನಾಟ್ ಅನ್ನೋ ಪ್ರೊಟೀನು ಎತ್ಕೊಂಡು ಅದಕ್ಕೆ ಹೊಂದೋ ವೈರಸ್ ಆರ್‌ಎನ್‌ಎ ಎಲ್ಲೆಲ್ಲಿದೆ ಅಂತ ಹುಡುಕಿ ಕತ್ತರಿಸುತ್ತೆ. 1999ರಲ್ಲಿ ಇಂಗ್ಲೆಂಡಿನ ನಾರಿಚ್‌ನಲ್ಲಿ ಡೇವಿಡ್ ಬೌಲ್ಕಂಬ್ ಮತ್ತೆ ಅವರ ಸಹೋದ್ಯೋಗಿ ಗಿಡಗಳಲ್ಲಿ ಈ ಪುಟ್ಟ ಆರ್‌ಎನ್‌ಎ ತುಂಡುಗಳನ್ನ ಮೊದಲು ಕಂಡ್ರು. ವೈರಸ್ಸಿನ ಎಚ್‌ಸಿ-ಪ್ರೊ ಮಾಡೋ ಮುಖ್ಯ ಕೆಲಸ ಏನಂದ್ರೆ ಈ 21 ಅಕ್ಷರದ ತುಂಡುಗಳನ್ನೇ ಹಿಡಿದು ಕಟ್ಟಿಹಾಕೋದು, ಆರ್ಗೊನಾಟ್‌ಗೆ ಸಿಗದ ಹಾಗೆ ಮಾಡೋದು. ನೋಡಿ, ಒಂದೇ ಆರ್‌ಎನ್‌ಎ ಸುತ್ತ ಎರಡು ಗುಂಪು, ಅದನ್ನ ಬೆಳೆಸೋರು ಮತ್ತು ಕತ್ತರಿಸೋರು, ಯಾರು ಮೊದಲು ತಲುಪ್ತಾರೆ, ಯಾರ ಸಂಖ್ಯೆ ಜಾಸ್ತಿ ಅನ್ನೋದರ ಮೇಲೆ ಎಲೆ ಹಸಿರಾಗಿರುತ್ತಾ ಪಟ್ಟೆ ಬೀಳುತ್ತಾ ಅನ್ನೋದು ನಿಂತಿದೆ. ಒಂದೇ ತೋಟದಲ್ಲಿ ಒಂದು ಬುಡ ಬೇಗ ಸೊರಗಿ ಇನ್ನೊಂದು ತಡ್ಕೊಂಡು ನಿಲ್ಲೋದನ್ನ ನೋಡಿದವರಿಗೆ ಈ ಮಾತು ಹೊಸದೇನಲ್ಲ.

ಪಕ್ಕದ ಜೀವಕೋಶಕ್ಕೆ ದಾಟೋದೂ ಗಿಡದ ದಾರೀಲೇ. ಜೀವಕೋಶಗಳ ಗೋಡೇಲಿ ಪ್ಲಾಸ್ಮೋಡೆಸ್ಮಾಟಾ ಅಂತ ಸಣ್ಣ ಕಿಂಡಿ ಇರುತ್ತೆ, ವೈರಸ್ಸಿನ ಪಿ3ಎನ್-ಪಿಪೊ ಅನ್ನೋ ಪ್ರೊಟೀನು ಹೋಗಿ ಅಲ್ಲಿ ಜಾಗ ಹಿಡಿದು ಸಿಐ ಅನ್ನೋ ಇನ್ನೊಂದು ಪ್ರೊಟೀನನ್ನ ಕರೆಸಿಕೊಳ್ಳುತ್ತೆ, ಆ ದ್ವಾರದಿಂದ ಆರ್‌ಎನ್‌ಎ ದಾಟುತ್ತೆ. ಈ ಪಿಪೊ ಭಾಗ ಇದೆ ಅಂತ ಗೊತ್ತಾಗಿದ್ದೇ 2008ರಲ್ಲಿ, ಅಲ್ಲೀವರೆಗೆ ಇಷ್ಟು ಓದಿದ ವೈರಸ್ ಕುಟುಂಬದಲ್ಲಿ ಒಂದು ಪೂರ್ತಿ ಜೀನ್ ಕಣ್ತಪ್ಪಿಸಿಕೊಂಡಿತ್ತು. ಎಲ್ಲಾ ದಾಟಿ ಆಹಾರ ಸಾಗಿಸೋ ನಾಳಕ್ಕೆ ಬಿದ್ರೆ ಗೆಡ್ಡೆಗೆ ಹೋಗುತ್ತೆ, ಅಲ್ಲಿಂದ ಮುಂದೆ ಬರೋ ಎಲ್ಲಾ ಕಂದಿಗೂ.

ಇಷ್ಟೆಲ್ಲಾ ಓದಿದ್ಮೇಲೆ ಸ್ಪ್ರೇ ಪ್ರಶ್ನೆಗೆ ವಾಪಸ್ ಬರೋಣ. ಶಿಲೀಂಧ್ರಕ್ಕೆ ತನ್ನದೇ ಜೀವಕೋಶ ಇದೆ, ತನ್ನದೇ ಕಿಣ್ವಗಳಿವೆ, ಕೊಳೆರೋಗಕ್ಕೆ ಬೋರ್ಡೋ ಹೊಡೆದ್ರೆ ತಾಮ್ರ ಅದರ ಮೇಲೆ ನೇರವಾಗಿ ಕೆಲಸ ಮಾಡುತ್ತೆ. ಕಟ್ಟೆ ವೈರಸ್ ಇರೋದು ಜೀವಕೋಶದ ಒಳಗೆ, ಅದು ನಿಂತಿರೋದು ಗಿಡದ ರೈಬೋಸೋಮ್ ಮೇಲೆ, ಗಿಡದ ಪೊರೆ ಮೇಲೆ, ಗಿಡದ ಇಐಎಫ್4ಇ ಮೇಲೆ. ಎಲೆ ಮೇಲೆ ಬಿದ್ದ ಔಷಧಿ ಒಳಗೆ ಹೋಗಿ ಇವನ್ನೆಲ್ಲಾ ನಿಲ್ಲಿಸಿದ್ರೆ ಮೊದಲು ನಿಲ್ಲೋದು ಗಿಡದ ಬದುಕೇ. ಜಿಂಕು, ಬೋರಾನು, ಸಮುದ್ರಪಾಚಿ ದ್ರಾವಣ ಇವು ಗಿಡಕ್ಕೆ ಪೋಷಣೆ ಕೊಟ್ಟು ಎಲೆ ಒಂದಿಷ್ಟು ಹಸಿರಾಗಿ ಕಾಣೋ ಹಾಗೆ ಮಾಡಬಹುದು, ಅದನ್ನ ನೋಡಿ ವಾಸಿಯಾಯ್ತು ಅಂತ ಆ ಬುಡ ಹಾಗೇ ಬಿಟ್ರೆ ಅದರ ಮೇಲೆ ಕೂತ ಹೇನು ಸುತ್ತ ಇರೋ ಬುಡಗಳಿಗೆಲ್ಲಾ ಹಂಚ್ತಾ ಹೋಗುತ್ತೆ. ಈ ಕಾರಣಕ್ಕೆ ಬಾಟಲಿ ಮೇಲೆ "ವೈರಸ್ ನಾಶಕ" ಅಂತ ಬರೆದು ಮಾರೋದನ್ನ ನಾನು ಸಣ್ಣ ವಿಷಯ ಅಂತ ಬಿಡೋಕೆ ತಯಾರಿಲ್ಲ, ಕಾಫಿ ಕಾಳುಮೆಣಸಿನ ಮಧ್ಯೆ ಒಂದಷ್ಟು ಏಲಕ್ಕಿ ಉಳಿಸ್ಕೊಂಡಿರೋ ಸಣ್ಣ ಬೆಳೆಗಾರನ ದುಡ್ಡು ಹೋಗೋದಷ್ಟೇ ಅಲ್ಲ, ಕೀಳ್ಬೇಕಾದ ಹೊತ್ತಲ್ಲಿ ಕೀಳದೆ ಒಂದು ಸೀಸನ್ ಹೋಗುತ್ತೆ.

ಇನ್ನು ಕಟ್ಟೆ ಮತ್ತು ಕೊಕ್ಕೆ ಕಂದು ಎರಡನ್ನೂ ಒಂದೇ ಅಂತ ಸೇರಿಸಿ ಮಾತಾಡೋರಿಗೆ ಈ ಜೀವಕೋಶದೊಳಗಿನ ಕಥೆ ಇನ್ನೂ ಮುಖ್ಯ. ಕೊಕ್ಕೆ ಕಂದಿನಲ್ಲಿ ಎಳೇ ಎಲೆಯ ನರಗಳು ತುಂಡು ತುಂಡಾಗಿ ತಿಳಿಯಾಗುತ್ವೆ, ಹೊಸ ಎಲೆ ಹಳೇ ಎಲೆಯ ಪೊರೆಗೆ ಸಿಕ್ಕಿಹಾಕ್ಕೊಂಡು ತುದಿ ಕೊಕ್ಕೆ ಥರ ಬಾಗುತ್ತೆ. ಇದಕ್ಕೆ ಕಾರಣ ಕಾರ್ಡಮಮ್ ವೇನ್ ಕ್ಲಿಯರಿಂಗ್ ವೈರಸ್, ನ್ಯೂಕ್ಲಿಯೋರಾಬ್ಡೊವೈರಸ್ ಗುಂಪಿಂದು. ಇದರ ಆರ್‌ಎನ್‌ಎ ತಲೆಕೆಳಗಾದ ಎಳೆ, ರೈಬೋಸೋಮ್ ಅದನ್ನ ನೇರವಾಗಿ ಓದೋಕಾಗಲ್ಲ. ಅದಕ್ಕೇ ಈ ಗುಂಪಿನ ವೈರಸ್ಸುಗಳು ನಕಲು ಕಿಣ್ವವನ್ನ ಜೊತೇಲೇ ಹೊತ್ಕೊಂಡು ಬರ್ತವೆ, ಆರ್‌ಎನ್‌ಎ ಯಾವತ್ತೂ ಬೆತ್ತಲೆ ಇರಲ್ಲ, ವೈರಸ್ಸಿನ ನ್ಯೂಕ್ಲಿಯೋಪ್ರೊಟೀನ್ ಉದ್ದಕ್ಕೂ ಸುತ್ತಿಕೊಂಡಿರುತ್ತೆ, ಮತ್ತೆ ಅದು ಹೋಗಿ ಕೂರೋದು ಜೀವಕೋಶದ ಕೇಂದ್ರದೊಳಗೆ, ನ್ಯೂಕ್ಲಿಯಸ್ಸಿನಲ್ಲಿ, ಒಳಗೆ ಹೋಗೋಕೆ ಗಿಡದ ಇಂಪೋರ್ಟಿನ್ ಪ್ರೊಟೀನುಗಳ ಆಸರೆ ಬೇಕು. ಕಾಳುಮೆಣಸಿನ ಎಲೆ ಸಣ್ಣಗೆ ಮುರುಟೋ ರೋಗದಲ್ಲಿ ಸಿಗೋ ಕುಕುಂಬರ್ ಮೊಸಾಯಿಕ್ ವೈರಸ್ಸಿನದು ಮತ್ತೊಂದು ಜಾಗ, ಅದು ನಕಲು ಮಾಡೋಕೆ ಆರಿಸ್ಕೊಳ್ಳೋದು ಜೀವಕೋಶದ ದೊಡ್ಡ ನೀರಿನ ಚೀಲದ ಪೊರೆ. ಒಂದೇ ತೋಟದಲ್ಲಿ ಮೂರು ಆರ್‌ಎನ್‌ಎ ವೈರಸ್, ಮೂರಕ್ಕೂ ಜೀವಕೋಶದ ಬೇರೆ ಬೇರೆ ಕೋಣೆ, ಬೇರೆ ಬೇರೆ ಸಂಗಾತಿಗಳು. ಕಟ್ಟೆಗೆ ತಡೆ ಇರೋ ತಳಿ ಕೊಕ್ಕೆ ಕಂದಿಗೂ ತಡೆಯುತ್ತೆ ಅಂತ ನಂಬ್ಕೊಂಡು ಹಾಕೋದು ಯಾಕೆ ಸರಿಯಲ್ಲ ಅನ್ನೋದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಕೊಟ್ಟಿಗೇಲೂ ಇದೇ ಕಥೆ ನಡೆಯುತ್ತೆ. ಹಸುಗಳಿಗೆ ಬರೋ ಕಾಲುಬಾಯಿ ಜ್ವರದ ವೈರಸ್ಸಿನ ಆರ್‌ಎನ್‌ಎ ಕೂಡ ಎಂಟು ಸಾವಿರ ಚಿಲ್ಲರೆ ಅಕ್ಷರದ್ದೇ, ಅದಕ್ಕೂ ಟೋಪಿ ಇಲ್ಲ, ಅದರ ತುದೀಲೂ ವಿಪಿಜಿ ಇದೆ. ಆದ್ರೆ ಅದು ವಿಪಿಜಿ ನಂಬ್ಕೊಂಡು ಇಐಎಫ್4ಇ ಹತ್ರ ಹೋಗಲ್ಲ. ಅದರ ಆರ್‌ಎನ್‌ಎಯಲ್ಲಿ ಐರೆಸ್ ಅಂತ ಮಡಿಚಿಕೊಂಡ ಒಂದು ಉದ್ದ ಭಾಗ ಇದೆ, ಅದು ನೇರವಾಗಿ ಇಐಎಫ್4ಜಿಯನ್ನೇ ಹಿಡಿಯುತ್ತೆ, ಪಿಟಿಬಿ ಅನ್ನೋ ಹಸುವಿನ ಪ್ರೊಟೀನು ಆ ಮಡಿಕೆ ಸರಿಯಾಗಿ ನಿಲ್ಲೋಕೆ ನೆರವಾಗುತ್ತೆ. ಅದೇ ಹೊತ್ತಿಗೆ ವೈರಸ್ಸಿನ ಲೀಡರ್ ಪ್ರೋಟಿಯೇಸ್ ಅನ್ನೋ ಕತ್ತರಿ ಇಐಎಫ್4ಜಿಯನ್ನ ಎರಡು ತುಂಡು ಮಾಡುತ್ತೆ, ಹಸುವಿನ ಸ್ವಂತ ಟೋಪಿ ಇರೋ ಆರ್‌ಎನ್‌ಎಗಳಿಗೆ ರೈಬೋಸೋಮ್ ಸಿಗದಂತಾಗುತ್ತೆ, ಉಳಿದ ತುಂಡು ವೈರಸ್ಸಿಗೆ ಸಾಕಾಗುತ್ತೆ. ಅದೃಷ್ಟಕ್ಕೆ ಹಸುವಿಗೆ ಲಸಿಕೆ ಇದೆ, ಅದರ ದೇಹ ಪ್ರತಿಕಾಯ ಮಾಡುತ್ತೆ. ಏಲಕ್ಕಿಗೆ ಪ್ರತಿಕಾಯ ಅನ್ನೋದೇ ಇಲ್ಲವಲ್ಲ.

ಮನುಷ್ಯರ ಕಡೆಯಿಂದ ಒಂದೇ ಒಂದು ಉದಾಹರಣೆ ಕೊಡ್ತೀನಿ, ಯಾಕಂದ್ರೆ ಆಸರೆ ಕಿತ್ತರೆ ಏನಾಗುತ್ತೆ ಅಂತ ರೋಗಿಗಳಲ್ಲೇ ನೋಡಿದ ಪ್ರಸಂಗ ಇದು. ಹೆಪಟೈಟಿಸ್ ಸಿ ವೈರಸ್ಸಿನ ಆರ್‌ಎನ್‌ಎ ನಮ್ಮ ಯಕೃತ್ತಿನ ಜೀವಕೋಶದಲ್ಲಿರೋ ಮಿರ್-122 ಅನ್ನೋ ಪುಟ್ಟ ಆರ್‌ಎನ್‌ಎಯನ್ನ ತನ್ನ ತುದೀಲಿ ಎರಡು ಕಡೆ ಕೂರಿಸ್ಕೊಂಡು ಕಿಣ್ವಗಳಿಂದ ತಪ್ಪಿಸಿಕೊಳ್ಳುತ್ತೆ ಅಂತ 2005ರಿಂದ ಗೊತ್ತಾಗ್ತಾ ಬಂತು. ಸಾಮಾನ್ಯವಾಗಿ ಇಂಥ ಪುಟ್ಟ ಆರ್‌ಎನ್‌ಎ ಬೇರೆ ಆರ್‌ಎನ್‌ಎಗಳನ್ನ ಅದುಮಿಡೋಕೆ ಇರೋದು, ಇಲ್ಲಿ ಅದೇ ಕಾವಲಿಗೆ ನಿಂತಿದೆ. ಮಿರ್-122ನ್ನ ಕಟ್ಟಿಹಾಕೋ ಮಿರಾವಿರ್ಸೆನ್ ಅನ್ನೋ ಔಷಧಿ ಕೊಟ್ಟಾಗ ರೋಗಿಗಳ ರಕ್ತದಲ್ಲಿ ವೈರಸ್ ಇಳೀತು ಅಂತ 2013ರಲ್ಲಿ ವರದಿ ಬಂತು. ಅಷ್ಟೊತ್ತಿಗೆ ವೈರಸ್ಸಿನ ಕಿಣ್ವವನ್ನೇ ನಿಲ್ಲಿಸೋ ಸೊಫೊಸ್‌ಬುವಿರ್ ಥರದ ಮಾತ್ರೆಗಳು ಬಂದು ಈ ದಾರಿ ಹಿಂದೆ ಬಿತ್ತು, ಅದು ಬೇರೆ ಮಾತು, ವೈರಸ್ಸನ್ನ ಮುಟ್ಟದೆ ಅದರ ಸಂಗಾತಿಯನ್ನ ಹಿಡಿದ್ರೂ ವೈರಸ್ ಸೊರಗುತ್ತೆ ಅನ್ನೋದಂತೂ ಸಾಬೀತಾಯ್ತು.

ಈ ಸಂಗಾತಿಗಳನ್ನ ಕಂಡುಹಿಡಿಯೋದು ಹೇಗೆ? ಜೀವಕೋಶ ಒಡೆದ ತಕ್ಷಣ ಎಲ್ಲಾ ಕಲಸಿ ಹೋಗುತ್ತೆ, ಹಾಗಾಗಿ ಒಡೆಯೋ ಮೊದಲೇ ಯಾರು ಯಾರನ್ನ ಹಿಡ್ಕೊಂಡಿದ್ದಾರೋ ಆ ಸ್ಥಿತೀಲೇ ಬೆಸೆಯಬೇಕು. ಅದಕ್ಕೆ ಅತಿನೇರಳೆ ಕಿರಣ ಬಿಡ್ತಾರೆ, ಇಲ್ಲಾಂದ್ರೆ ಫಾರ್ಮಾಲ್ಡಿಹೈಡ್ ಹಾಕ್ತಾರೆ. ಆಮೇಲೆ ವೈರಸ್ ಆರ್‌ಎನ್‌ಎಗೆ ಮಾತ್ರ ಜೋಡಿಯಾಗೋ ಡಿಎನ್‌ಎ ತುಂಡುಗಳಿಗೆ ಬಯೋಟಿನ್ ಅನ್ನೋ ಕೊಂಡಿ ಅಂಟಿಸಿ ಬಿಟ್ಟು, ಅಯಸ್ಕಾಂತದ ಮಣಿಗಳಿಂದ ಅದನ್ನ ಎಳೆದು, ಜೊತೆಗೆ ಬಂದ ಪ್ರೊಟೀನುಗಳು ಯಾವುವು ಅಂತ ಮಾಸ್ ಸ್ಪೆಕ್ಟ್ರೋಮೀಟರಲ್ಲಿ ಓದ್ತಾರೆ. ಕೋವಿಡ್ ವೈರಸ್ಸಿಗೆ 2021ರಲ್ಲಿ ಹಲವು ತಂಡಗಳು ಇದೇ ಥರದ ಪಟ್ಟಿ ಪ್ರಕಟಿಸಿದ್ವು. ಪಟ್ಟಿ ಬಂದಾಕ್ಷಣ ಕೆಲಸ ಮುಗಿಯಲ್ಲ, ಜೀವಕೋಶದಲ್ಲಿ ರಾಶಿಗಟ್ಟಲೆ ಇರೋ ಪ್ರೊಟೀನುಗಳು ಸುಮ್ಸುಮ್ನೆ ಅಂಟ್ಕೊಂಡು ಬಂದಿರ್ತವೆ, ಒಂದೊಂದನ್ನೂ ತೆಗೆದುಹಾಕಿ ವೈರಸ್ ಕಡಿಮೆ ಆಗುತ್ತಾ ಜಾಸ್ತಿ ಆಗುತ್ತಾ ನೋಡ್ಬೇಕು. ಪಟ್ಟೀಲಿರೋರೆಲ್ಲಾ ವೈರಸ್ಸಿಗೆ ಸಹಾಯ ಮಾಡೋರೇ ಆಗಿರಲ್ಲ, ಅದನ್ನ ತಡೆಯೋಕೆ ಬಂದು ಹಿಡಿದೋರೂ ಅದರಲ್ಲಿ ಇರ್ತಾರೆ.

ತಟ್ಟೇಲಿ ಬೆಳೆಸಿದ ಮನುಷ್ಯರ ಜೀವಕೋಶದಲ್ಲಿ ಇದೆಲ್ಲಾ ಸುಲಭ. ಏಲಕ್ಕಿ ಎಲೇಲಿ ಕಷ್ಟ. ಎಲೆ ದಪ್ಪ, ಹಸಿರು ಬಣ್ಣ ಕಿರಣವನ್ನ ನುಂಗುತ್ತೆ, ಅದನ್ನ ಅರೆದ್ರೆ ಫೀನಾಲ್ ಅಂಶಗಳು ಗಾಳಿ ತಾಗಿ ಕಂದಾಗಿ ಆರ್‌ಎನ್‌ಎಗೆ ಅಂಟುತ್ವೆ, ಲೋಳೆಯಂಥ ಸಕ್ಕರೆ ಸರಪಳಿಗಳು ಬೇರೆ, ಶುದ್ಧ ಆರ್‌ಎನ್‌ಎ ತೆಗೆಯೋದೇ ಒಂದು ಸಾಹಸ. ಹಾಗಿದ್ರೂ ಕೆಲಸ ಏಲಕ್ಕೀಲೇ ಆಗ್ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಅರಬಿಡಾಪ್ಸಿಸ್‌ನಲ್ಲಿ ಟರ್ನಿಪ್ ವೈರಸ್ ಐಸೋ4ಇ ಹಿಡಿದ್ರೆ ಮೆಣಸಿನಕಾಯೀಲಿ ಪೊಟ್ಯಾಟೊ ವೈರಸ್ ವೈ ಹಿಡಿದಿದ್ದು 4ಇಯನ್ನ, ಗಿಡ ಬದಲಾದ್ರೆ ಸಂಗಾತಿ ಬದಲಾಗುತ್ತೆ. ಏಲಕ್ಕೀಲಿ ಕಟ್ಟೆ ವೈರಸ್ಸಿನ ವಿಪಿಜಿ ಈ ಎರಡರಲ್ಲಿ ಯಾವುದನ್ನ ಹಿಡಿಯುತ್ತೆ ಅನ್ನೋದನ್ನ ಏಲಕ್ಕಿಯನ್ನೇ ಕೇಳ್ಬೇಕು.

ಇದರಿಂದ ತೋಟಕ್ಕೆ ಏನು ಬರಬಹುದು ಅಂದ್ರೆ, ಎರಡು ದಾರಿ ಕಾಣುತ್ತೆ. ಒಂದು ಜೀನ್ ಎಡಿಟಿಂಗ್. 2016ರಲ್ಲಿ ಇಸ್ರೇಲಿನವರು ಸೌತೆಕಾಯಿಯ ಇಐಎಫ್4ಇ ಜೀನನ್ನ ಕ್ರಿಸ್ಪರ್ ಅನ್ನೋ ಜೀನ್ ಕತ್ತರಿಯಿಂದ ಕೆಡಿಸಿ ಇದೇ ಪೋಟಿವಿರಿಡೆ ಕುಟುಂಬದ ವೈರಸ್ಸುಗಳಿಗೆ ತಡೆ ಬರೋ ಹಾಗೆ ಮಾಡಿದ್ರು, ಹೊರಗಿನ ಜೀನ್ ಯಾವುದೂ ಕೊನೇ ಗಿಡದಲ್ಲಿ ಉಳಿದಿರ್ಲಿಲ್ಲ. ನಮ್ಮ ದೇಶದಲ್ಲಿ 2022ರ ಮಾರ್ಚಲ್ಲಿ ಹೊರಜೀನ್ ಸೇರಿಸದ ಇಂಥ ಎಡಿಟಿಂಗಿಗೆ ನಿಯಮ ಸಡಿಲ ಮಾಡಿದ್ರು, 2025ರ ಮೇ ತಿಂಗಳಲ್ಲಿ ಎಡಿಟ್ ಮಾಡಿದ ಎರಡು ಭತ್ತದ ತಳಿಗಳನ್ನ ಘೋಷಿಸಿದ್ರು ಕೂಡ. ಆದ್ರೆ ಇದನ್ನ ಪವಾಡ ಅಂತ ಹೇಳೋರನ್ನ ನಂಬ್ಬೇಡಿ. ಮರಗೆಣಸಲ್ಲಿ ಇದೇ ಕುಟುಂಬದ ಬ್ರೌನ್ ಸ್ಟ್ರೀಕ್ ವೈರಸ್ಸಿಗೆ 4ಇ ಗುಂಪಿನ ಎರಡು ಜೀನ್ ಕೆಡಿಸಿದಾಗ ರೋಗ ಕಡಿಮೆ ಆಯ್ತು, ಪೂರ್ತಿ ಹೋಗ್ಲಿಲ್ಲ. ವೈರಸ್ಸೂ ವಿಪಿಜಿಯಲ್ಲಿ ಒಂದೆರಡು ಅಕ್ಷರ ಬದಲಾಯಿಸ್ಕೊಂಡು ಬದಲಾದ 4ಇಯನ್ನೇ ಹಿಡಿಯೋದು ಕಲಿಯುತ್ತೆ, ಮೆಣಸಿನಕಾಯೀಲಿ ಅದನ್ನೂ ನೋಡಿಯಾಗಿದೆ.

ಎರಡನೇ ದಾರಿ ನಮ್ಮಲ್ಲೇ ಇದೆ, ನಂಗೆ ಹೆಚ್ಚು ಭರವಸೆ ಇರೋದೂ ಇದರ ಮೇಲೇನೇ. ಮಡಿಕೇರಿ ಹತ್ತಿರದ ಅಪ್ಪಂಗಳದಲ್ಲಿ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ (ಐಐಎಸ್‌ಆರ್) ಕೇಂದ್ರ ಇದೆಯಲ್ಲ, ಅಲ್ಲಿನವರು ಕಟ್ಟೆ ಹರಡಿದ ತೋಟಗಳಲ್ಲಿ ಸುತ್ತ ಎಲ್ಲಾ ಹೋದ್ರೂ ಹಸಿರಾಗೇ ನಿಂತ ಬುಡಗಳನ್ನ ಹುಡುಕಿ ತಂದು ಎನ್‌ಕೆಇ ಅಂತ ಗುರುತು ಕೊಟ್ಟು ಬೆಳೆಸಿದ್ರು, ಅದರಲ್ಲಿ ಎನ್‌ಕೆಇ-12ನ್ನ ಐಐಎಸ್‌ಆರ್ ವಿಜೇತ ಅಂತ ಬಿಡುಗಡೆ ಮಾಡಿದ್ರು. ದೊಣ್ಣೆಮೆಣಸಿನ ಕಥೇಲೂ ಹೀಗೇ ಆಗಿದ್ದು, ತಡೆ ಇರೋ ತಳಿ ಮೊದಲು ಸಿಕ್ತು, ಕಾರಣ ದಶಕಗಳಾದ್ಮೇಲೆ ಸಿಕ್ತು. ವಿಜೇತದ ಜೀವಕೋಶದೊಳಗೆ ವೈರಸ್ ಆರ್‌ಎನ್‌ಎ ಎಲ್ಲಿ ಎಡವುತ್ತೆ, 4ಇ ಹಿಡಿಯೋ ಹಂತದಲ್ಲಾ, ಚೀಲ ಕಟ್ಟೋ ಹಂತದಲ್ಲಾ, ಡೈಸರ್ ಕತ್ತರಿಸೋದರಲ್ಲಾ, ಕಿಂಡಿ ದಾಟೋದರಲ್ಲಾ ಅಂತ ಹಂತ ಹಂತವಾಗಿ ನೋಡೋ ಕೆಲಸಕ್ಕೆ ದುಡ್ಡು ಹಾಕ್ಬೇಕು. ಎಡವೋ ಜಾಗ ಗೊತ್ತಾದ್ರೆ ಸಸಿ ಹಂತದಲ್ಲೇ ಡಿಎನ್‌ಎ ಪರೀಕ್ಷೆ ಮಾಡಿ ಆ ಗುಣ ಇರೋದನ್ನ ಆರಿಸಬಹುದು, ಬೇರೆ ಬೇರೆ ಹಂತದಲ್ಲಿ ತಡೆಯೋ ಎರಡು ಬುಡಗಳನ್ನ ಕೂಡಿಸಿ ವೈರಸ್ಸಿಗೆ ದಾಟೋಕೆ ಕಷ್ಟ ಆಗೋ ತಳಿ ಮಾಡಬಹುದು. ಏಲಕ್ಕಿ ಬೆಲೆ ಬಗ್ಗೆ ಪ್ರತಿ ವರ್ಷ ಸಭೆ ಮಾಡೋ ನಮ್ಮ ಬೆಳೆಗಾರರ ಸಂಘಗಳು ಈ ಬೇಡಿಕೇನೂ ಪಟ್ಟೀಲಿ ಸೇರಿಸ್ಬೇಕು.

ಅಲ್ಲೀವರೆಗೆ ತೋಟದ ಕೆಲಸ ಹಳೇದೇ. ಹೊಸ ಎಲೆಗಳನ್ನ ಬೆಳಕಿಗೆ ಹಿಡಿದು ನೋಡ್ತಾ ಇರೋದು, ಗೀರು ಕಂಡ ಬುಡವನ್ನ ಗೆಡ್ಡೆ ಸಮೇತ ಕಿತ್ತು ತೋಟದಿಂದ ಆಚೆ ಸಾಗಿಸಿ ನಾಶ ಮಾಡೋದು, ಕಿತ್ತ ಜಾಗದಲ್ಲಿ ಮತ್ತೆ ಮೊಳೆಯೋ ಕಂದಿನ ಮೇಲೆ ಕಣ್ಣಿಡೋದು, ಕಾಡುಕೆಸು ತೆಗೆಯೋದು, ಪಕ್ಕದ ತೋಟದಿಂದ ಕಂದು ತರೋ ಬದ್ಲು ತೋಟದಿಂದ ದೂರ ಬೆಳೆಸಿದ ಬೀಜದ ಸಸಿ ಹಾಕೋದು. ಮತ್ತೆ ಕೀಳುವಾಗ ಒಂದು ಗಮನದಲ್ಲಿರ್ಲಿ, ಸುತ್ತ ಎಲ್ಲಾ ಪಟ್ಟೆ ಬಿದ್ದು ನಡುವೆ ಒಂದು ಬುಡ ಎರಡು ಮೂರು ಮಳೆಗಾಲ ಕಳೆದ್ರೂ ಹಸಿರಾಗೇ ನಿಂತಿದ್ರೆ ಅದನ್ನ ಕೀಳ್ಬೇಡಿ, ಅದರಿಂದ ಕಂದು ಬಿಡಿಸಿ ಹಂಚೋಕೂ ಹೋಗ್ಬೇಡಿ ಯಾಕಂದ್ರೆ ಲಕ್ಷಣ ತೋರಿಸದೇ ವೈರಸ್ ಇಟ್ಕೊಂಡಿರಬಹುದು, ಒಂದು ಗೂಟ ಹೊಡೆದು ಗುರುತು ಮಾಡಿ ಅಪ್ಪಂಗಳದವರಿಗೆ ತಿಳಿಸಿ, ಬಂದು ಎಲೆ ತಗೊಂಡು ಹೋಗಿ ಪರೀಕ್ಷೆ ಮಾಡ್ಲಿ.